ಅರವತ್ತನಾಲ್ಕು ಮನೆ, ಒಂದು ಕಾಳು ಕಡಿಮೆ

ಹಳೆಯ ಮನೆಗಳ ಉಗ್ರಾಣದಲ್ಲಿ ಅಕ್ಕಿ ಅಳೆಯುವ ಮಾನಗಳು ಸಾಲಾಗಿ ಇರುತ್ತಿದ್ದವು: ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು. ಎರಡು ಚಟಾಕಿಗೆ ಒಂದು ಅರೆಪಾವು, ಎರಡು ಅರೆಪಾವಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಎಲ್ಲವನ್ನೂ ಚಟಾಕಿನಲ್ಲೇ ಹೇಳಿದರೆ 1, 2, 4, 8, 16. ಈ ಐದು ಮಾನಗಳಲ್ಲಿ ಒಂದೊಂದನ್ನೂ ಒಂದೇ ಸಲ ಬಳಸಬೇಕು ಎಂದು ಕಟ್ಟು ಹಾಕಿಕೊಂಡರೂ 1 ಚಟಾಕಿನಿಂದ 31 ಚಟಾಕಿನವರೆಗೆ ಎಷ್ಟು ಅಕ್ಕಿಯನ್ನಾದರೂ ಅಳೆಯಬಹುದು. 11 ಚಟಾಕು ಬೇಕಾದರೆ ಅಚ್ಚೇರು, ಅರೆಪಾವು, ಚಟಾಕು. 21 ಬೇಕಾದರೆ ಸೇರು, ಪಾವು, ಚಟಾಕು. ಯಾವ ಅಳತೆಗೂ ಎರಡು ಜೋಡಣೆಗಳಿಲ್ಲ, ಒಂದೇ ಒಂದು. ಐದು ಮಾನಗಳನ್ನೂ ತುಂಬಿ ಒಟ್ಟಿಗೆ ಸುರಿದರೆ 31 ಚಟಾಕು, ಅಂದರೆ ಎರಡು ಸೇರಿಗೆ ಒಂದೇ ಚಟಾಕು ಕಡಿಮೆ.

ಆ "ಒಂದೇ ಕಡಿಮೆ" ಎಂಬುದರಲ್ಲೇ ಈ ಲೇಖನದ ಎಲ್ಲ ವಿಷಯವೂ ಇದೆ. ಇಮ್ಮಡಿಸುವ ಸಾಲನ್ನು ಐದಕ್ಕೆ ನಿಲ್ಲಿಸದೆ ಅರವತ್ತನಾಲ್ಕರವರೆಗೆ ಬೆಳೆಸಿ ಕೂಡಿಸಿದರೆ ಬರುವ ಸಂಖ್ಯೆ ಇದು:

1,84,46,74,40,73,70,95,51,615

ಇಪ್ಪತ್ತು ಅಂಕಿಗಳು. ನಮ್ಮ ರೂಢಿಯಲ್ಲಿ ಓದಿದರೆ ಒಂದು ಲಕ್ಷ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ ಮತ್ತು ಇನ್ನಷ್ಟು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಅವನ ಪಟ್ಟಿ ಹಿಡಿದು ಓದಿದರೆ ಈ ಸಂಖ್ಯೆ "ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ" ಎಂದು ಆರಂಭವಾಗುತ್ತದೆ. ಇಂಥ ಸಂಖ್ಯೆಯನ್ನು ಬಾಯಿತುಂಬ ಹೇಳುವ ಶಬ್ದಗಳು ಆ ಗ್ರಂಥದಲ್ಲಿ ಸಿದ್ಧವಾಗಿದ್ದವು ಎನ್ನುವುದು ನನಗೆ ಹೆಮ್ಮೆಯ ವಿಷಯ.

ಈ ಸಂಖ್ಯೆ ಹೆಚ್ಚಿನವರಿಗೆ ಪರಿಚಯವಾಗುವುದು ಚದುರಂಗದ ಕತೆಯಿಂದ. ಆಟವನ್ನು ಕಂಡುಹಿಡಿದ ಸಿಸ್ಸ ಎಂಬ ಪಂಡಿತ ರಾಜನ ಬಳಿ ಬಹುಮಾನವಾಗಿ ಧಾನ್ಯ ಕೇಳಿದ: ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರವತ್ತನಾಲ್ಕು ಮನೆಗೂ ಇಮ್ಮಡಿ. ಕೇರಳದ ಅಂಬಲಪ್ಪುಳದಲ್ಲಿ ಇದೇ ಕತೆಯಲ್ಲಿ ಕೇಳುವವನು ವೇಷ ಮರೆಸಿ ಬಂದ ಕೃಷ್ಣ, ಕಾಳು ಅಕ್ಕಿ. ಅಲ್ಲಿನ ದೇವಸ್ಥಾನದ ಪಾಲ್ಪಾಯಸ ಆ ಸಾಲದ ತೀರುವಳಿ ಎಂದು ಜನ ನಂಬುತ್ತಾರೆ. ಕತೆ ಎಷ್ಟು ಹಳೆಯದೋ, ಲೆಕ್ಕವಂತೂ ಹಳೆಯದು: ಸುಮಾರು ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿ ಈ ಮೊತ್ತವನ್ನು ಕೊನೆಯ ಅಂಕಿಯವರೆಗೂ ಸರಿಯಾಗಿ ಬರೆದಿಟ್ಟಿದ್ದಾನೆ.

ಸಾವಿರ ಗೋಧಿ ಕಾಳು ಸುಮಾರು 40 ಗ್ರಾಂ ತೂಗುತ್ತದೆ ಎಂದುಕೊಂಡರೆ ರಾಜನ ಸಾಲ ಸುಮಾರು 73,800 ಕೋಟಿ ಟನ್. ಇಂದು ಇಡೀ ಜಗತ್ತು ಒಂದು ವರ್ಷಕ್ಕೆ ಬೆಳೆಯುವ ಗೋಧಿ ಸುಮಾರು 80 ಕೋಟಿ ಟನ್. ಒಂದು ಕಾಳನ್ನೂ ತಿನ್ನದೆ ಒಂಬೈನೂರು ವರ್ಷ ಕೂಡಿಟ್ಟರೂ ಸಾಲ ತೀರುವುದಿಲ್ಲ. ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇಲ್ಲಿಂದಲೇ ಕುತೂಹಲ ಆರಂಭವಾಗುತ್ತದೆ. ದೊಡ್ಡದಾಗಿರುವುದು ಒಂದು ಸಂಖ್ಯೆಯ ತೀರ ಸಾಮಾನ್ಯ ಗುಣ. ಇದಕ್ಕಿಂತ ದೊಡ್ಡ ಸಂಖ್ಯೆಯನ್ನು ಯಾವ ಮಗುವೂ ಪಕ್ಕಕ್ಕೆ ಒಂದು ಸೊನ್ನೆ ಸೇರಿಸಿ ಬರೆಯಬಹುದು. ಈ ಸಂಖ್ಯೆಯ ಒಳಗೆ ಏನಿದೆ ಎಂದು ನೋಡಬೇಕು.

ಮೊದಲು ಕೂಡುವ ಬಗೆ. ಅರವತ್ತನಾಲ್ಕು ಸಲ ಕೂಡಬೇಕಾಗಿಲ್ಲ. ಚದುರಂಗದ ಹಾಸಿನ ಮೇಲೆ ಎಲ್ಲ ಕಾಳುಗಳನ್ನೂ ಇಟ್ಟಾಗಿದೆ ಎಂದುಕೊಳ್ಳಿ. ಹೊರಗಿನಿಂದ ಒಂದೇ ಒಂದು ಕಾಳು ತಂದು ಮೊದಲ ಮನೆಗೆ ಹಾಕಿ. ಅಲ್ಲಿ ಎರಡಾಯಿತು. ಆ ಎರಡನ್ನೂ ಎತ್ತಿ ಎರಡನೆಯ ಮನೆಗೆ ಸುರಿದರೆ ಅಲ್ಲಿ ನಾಲ್ಕಾಯಿತು. ನಾಲ್ಕನ್ನೂ ಎತ್ತಿ ಮೂರನೆಯ ಮನೆಗೆ ಸುರಿದರೆ ಎಂಟು. ಹೀಗೆ ಸರಿಯುತ್ತ ಹೋದರೆ ಹಾಸೆಲ್ಲ ಖಾಲಿಯಾಗಿ, ಇಲ್ಲದ ಅರವತ್ತೈದನೆಯ ಮನೆಯಲ್ಲಿ ಒಂದೇ ರಾಶಿ ನಿಲ್ಲುತ್ತದೆ: 2⁶⁴ ಕಾಳು. ನಾವು ತಂದ ಒಂದು ಕಾಳನ್ನು ಕಳೆದರೆ ಮೊತ್ತ 2⁶⁴ − 1. ಅಕ್ಕಿಯ ಮಾನಗಳಲ್ಲಿ ಕಂಡ ಒಂದು ಚಟಾಕಿನ ಕೊರತೆಯೇ ಇದು.

ಇನ್ನು 2⁶⁴ ಎಷ್ಟೆಂದು ತಿಳಿಯಲು ಎರಡನ್ನು ಅರವತ್ಮೂರು ಸಲ ಗುಣಿಸುವ ಅಗತ್ಯವೂ ಇಲ್ಲ. ಎರಡರ ವರ್ಗ 4, ಅದರ ವರ್ಗ 16, ಅದರ ವರ್ಗ 256, ಮುಂದೆ 65,536, ಮುಂದೆ 4,29,49,67,296. ಅದನ್ನು ಇನ್ನೊಮ್ಮೆ ವರ್ಗ ಮಾಡಿದರೆ ಮುಗಿಯಿತು. ಆರೇ ಗುಣಾಕಾರ. ಘಾತವನ್ನು ಅರ್ಧ ಮಾಡುತ್ತ ಇಳಿದು, ವರ್ಗ ಮಾಡುತ್ತ ಏರುವ ಈ ದಾರಿ ಪಿಂಗಳನ ಛಂದಃಸೂತ್ರದಲ್ಲೇ ಇದೆ. ಲಘು ಮತ್ತು ಗುರು ಎಂಬ ಎರಡೇ ಬಗೆಯ ಅಕ್ಷರಗಳಿಂದ ಇಷ್ಟು ಉದ್ದದ ಪಾದವನ್ನು ಎಷ್ಟು ರೀತಿಯಲ್ಲಿ ಕಟ್ಟಬಹುದು ಎಂದು ಎಣಿಸಲು ಅವನಿಗೆ ಇದು ಬೇಕಾಯಿತು. ಮಹಾವೀರಾಚಾರ್ಯನೂ ಗುಣೋತ್ತರ ಶ್ರೇಢಿಯ ಲೆಕ್ಕಕ್ಕೆ ಇದೇ ಉಪಾಯವನ್ನು ಹೇಳಿದ್ದಾನೆ. ಇಂದು ಕಂಪ್ಯೂಟರ್‌ಗಳು ದೊಡ್ಡ ಘಾತಗಳನ್ನು ಲೆಕ್ಕ ಹಾಕುವುದೂ ಮೂಲದಲ್ಲಿ ಹೀಗೆಯೇ.

ಇನ್ನು ಈ ಸಂಖ್ಯೆಯನ್ನು ಬಿಡಿಸೋಣ. ಯಾವ ಅವಿಭಾಜ್ಯ ಸಂಖ್ಯೆಗಳು ಇದನ್ನು ನಿಶ್ಶೇಷವಾಗಿ ಭಾಗಿಸುತ್ತವೆ? ಪಕ್ಕದ 2⁶⁴ ಅನ್ನು ಹೀಗೆ ಕೇಳಿದರೆ ಉತ್ತರ ಒಂದೇ: ಎರಡು, ಬರೀ ಎರಡು. ಆದರೆ ಒಂದು ಕಾಳು ತೆಗೆದ ಕೂಡಲೇ ಚಿತ್ರವೇ ಬೇರೆ. ಅದನ್ನು ನೋಡಲು ಬೀಜಗಣಿತವೂ ಬೇಡ, ಹಾಸು ಸಾಕು.

ಮೊದಲ ಎರಡು ಮನೆಗಳಲ್ಲಿ 1 ಮತ್ತು 2, ಒಟ್ಟು 3 ಕಾಳು. ಅವುಗಳ ಮುಂದಿನ ಎರಡು ಮನೆಗಳಲ್ಲಿ 4 ಮತ್ತು 8. ಇವು ಹಿಂದಿನ ಎರಡರ ಸರಿಯಾಗಿ ನಾಲ್ಕು ಪಟ್ಟು. ಹಾಗಾದರೆ ನಾಲ್ಕು ಮನೆಗಳಲ್ಲಿ ಇರುವುದು ಮೂರರ ಒಂದು ಪಟ್ಟು ಮತ್ತು ನಾಲ್ಕು ಪಟ್ಟು, ಅಂದರೆ 3 × 5. ಸಾಲಿನ ಉಳಿದ ನಾಲ್ಕು ಮನೆಗಳಲ್ಲಿ ಇದರ 16 ಪಟ್ಟು ಇದೆ. ಆದ್ದರಿಂದ ಎಂಟು ಮನೆಗಳ ಪೂರ್ತಿ ಸಾಲಿನಲ್ಲಿ 3 × 5 × 17, ಅಂದರೆ 255. ಎರಡನೆಯ ಸಾಲು ಮೊದಲನೆಯದರ 256 ಪಟ್ಟು. ಎರಡೂ ಸೇರಿ 255 × 257. ಮೂರು ಮತ್ತು ನಾಲ್ಕನೆಯ ಸಾಲುಗಳು ಮೊದಲ ಎರಡರ 65,536 ಪಟ್ಟು. ಅರ್ಧ ಹಾಸಿಗೆ ಬಂದಾಗ ಇನ್ನೊಂದು 65,537 ಸೇರಿಕೊಳ್ಳುತ್ತದೆ. ಕೆಳಗಿನ ಅರ್ಧ ಹಾಸು ಮೇಲಿನ ಅರ್ಧದ 4,29,49,67,296 ಪಟ್ಟು. ಹೀಗೆ ಇಡೀ ಮೊತ್ತ:

3 × 5 × 17 × 257 × 65,537 × 4,29,49,67,297

ಮಡಚುವ ಹಾಸನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚುತ್ತ ಹೋದ ಹಾಗೆ, ಪ್ರತಿ ಮಡಿಕೆಗೂ ಒಂದು ಅಪವರ್ತನ. ಅರವತ್ತನಾಲ್ಕನ್ನು ಆರು ಸಲ ಅರ್ಧ ಮಾಡಬಹುದು, ಅದಕ್ಕೇ ಆರು ಅಪವರ್ತನಗಳು. ಹಾಸಿನ ಮೊದಲರ್ಧ 172 ಟನ್ ಗೋಧಿಯಾದರೆ, ಒಂದು ಉಗ್ರಾಣಕ್ಕೆ ಹಿಡಿಸುವಷ್ಟು, ಉಳಿದ ಎಲ್ಲವೂ ಎರಡನೆಯ ಅರ್ಧದಲ್ಲೇ ಇದೆ ಎಂಬುದನ್ನೂ ಈ ಲೆಕ್ಕವೇ ಹೇಳುತ್ತದೆ.

ಈ ಆರರಲ್ಲಿ ಮೊದಲ ಐದು ಅವಿಭಾಜ್ಯಗಳು. ಆರನೆಯದು? ಫ್ರಾನ್ಸಿನ ಪಿಯೆರ್ ದ ಫರ್ಮಾ 1640ರಲ್ಲಿ ಬರೆದ ಪತ್ರಗಳಲ್ಲಿ, ಎರಡರಿಂದ ಆರಂಭಿಸಿ ವರ್ಗ ಮಾಡುತ್ತ ಹೋಗಿ ಪ್ರತಿ ಸಲವೂ ಒಂದನ್ನು ಕೂಡಿಸಿದರೆ ಬರುವ 3, 5, 17, 257, 65,537, 4,29,49,67,297 ಮತ್ತು ಅದರ ಮುಂದಿನವು ಎಲ್ಲವೂ ಅವಿಭಾಜ್ಯ ಎಂದು ನಂಬಿದ. ಸಾಧಿಸಲು ಮಾತ್ರ ಆಗಲಿಲ್ಲ. 1732ರಲ್ಲಿ ಲಿಯೊನಾರ್ಡ್ ಆಯ್ಲರ್, ಆಗ ಅವನಿಗೆ ಇಪ್ಪತ್ತೈದರ ಆಸುಪಾಸು, ಆರನೆಯದು ಒಡೆಯುತ್ತದೆ ಎಂದು ತೋರಿಸಿದ:

4,29,49,67,297 = 641 × 67,00,417

ಸುಮ್ಮನೆ ಒಂದೊಂದಾಗಿ ಭಾಗಿಸಿ ನೋಡಿದರೆ 641ಕ್ಕೆ ಮೊದಲು ನೂರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಆಯ್ಲರ್ ಮುಂದೆ ಸಾಧಿಸಿದ ಒಂದು ಮಾತು ಹುಡುಕಾಟವನ್ನು ಕಿರಿದಾಗಿಸುತ್ತದೆ: ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಬಾಗಿಲು ತೆರೆಯುತ್ತದೆ. ಈ ಅರವತ್ತನಾಲ್ಕು ಇಲ್ಲಿಯೂ ಬಂದದ್ದನ್ನು ಗಮನಿಸಿ.

641 ಭಾಗಿಸುತ್ತದೆ ಎಂಬುದನ್ನು ಉದ್ದ ಭಾಗಾಕಾರವಿಲ್ಲದೆಯೂ ಕಾಣಬಹುದು. ನಾನು ಓದಿದ ಸಾಧನೆಗಳಲ್ಲಿ ಇಷ್ಟು ಚಿಕ್ಕದೂ ಇಷ್ಟು ಚೆಂದದ್ದೂ ಕಡಿಮೆ, ಆದ್ದರಿಂದ ಒಂದು ಕಾಗದ ತೆಗೆದುಕೊಂಡು ಜೊತೆಗೆ ಬರೆಯಿರಿ. 641 ಅನ್ನು ಎರಡು ರೀತಿಯಲ್ಲಿ ಒಡೆಯಬಹುದು: ಒಂದು, 640 + 1, ಅಂದರೆ 5 × 2⁷ + 1, ಇನ್ನೊಂದು, 625 + 16, ಅಂದರೆ 5⁴ + 2⁴. ಮೊದಲನೆಯದರ ಪ್ರಕಾರ 5 × 2⁷ ಎಂಬುದು 641ಕ್ಕೆ ಒಂದು ಕಡಿಮೆ, ಅದರ ಶೇಷ −1 ಎನ್ನೋಣ. ಅದನ್ನು ನಾಲ್ಕು ಸಲ ತನ್ನಿಂದಲೇ ಗುಣಿಸಿದರೆ 5⁴ × 2²⁸ ಆಗುತ್ತದೆ. −1 ಅನ್ನು ನಾಲ್ಕು ಸಲ ಗುಣಿಸಿದರೆ 1, ಹಾಗಾಗಿ ಇದರ ಶೇಷ 1. ಈಗ ಎರಡನೆಯ ರೂಪಕ್ಕೆ ಬನ್ನಿ. 5⁴ ಎಂಬುದು 641ಕ್ಕಿಂತ 2⁴ರಷ್ಟು ಕಡಿಮೆ, ಅದರ ಶೇಷ −2⁴. ಹಿಂದಿನ ಲೆಕ್ಕದಲ್ಲಿ 5⁴ ಇದ್ದ ಜಾಗಕ್ಕೆ ಇದನ್ನು ಇಟ್ಟರೆ −2⁴ × 2²⁸, ಅಂದರೆ −2³², ಇದರ ಶೇಷ 1. ಚಿಹ್ನೆ ಬದಲಿಸಿದರೆ 2³²ರ ಶೇಷ −1. ಅದಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ. 641 ಎಂಬುದು 2³² + 1 ಅನ್ನು ಭಾಗಿಸಿತು. ಆ ಹತ್ತಂಕಿಯ ಸಂಖ್ಯೆಯನ್ನು ಒಮ್ಮೆಯೂ ಬರೆಯಬೇಕಾಗಲಿಲ್ಲ.

ಫರ್ಮಾನ ಊಹೆ ಮುರಿದದ್ದು ಮಾತ್ರವಲ್ಲ, ತೀರ ಕುಸಿಯಿತು. ಶ್ರೇಣಿಯಲ್ಲಿ ಮುಂದಿನ ಸಂಖ್ಯೆಗಳಲ್ಲಿ ಇಂದಿನವರೆಗೆ ಒಂದೇ ಒಂದು ಹೊಸ ಅವಿಭಾಜ್ಯ ಸಿಕ್ಕಿಲ್ಲ. ತಿಳಿದಿರುವ ಫರ್ಮಾ ಅವಿಭಾಜ್ಯಗಳು ಐದೇ ಐದು, ಐದೂ ನಮ್ಮ ಸಂಖ್ಯೆಯೊಳಗೇ ಇವೆ. ಆರನೆಯದು ಒಡೆದು ಎರಡಾದ್ದರಿಂದ ನಮ್ಮ ಸಂಖ್ಯೆಗೆ ಒಟ್ಟು ಏಳು ಅವಿಭಾಜ್ಯ ಅಪವರ್ತನಗಳು:

3 × 5 × 17 × 257 × 641 × 65,537 × 67,00,417

ಏಳೂ ಬೇರೆ ಬೇರೆ, ಯಾವುದೂ ಎರಡು ಸಲ ಬಂದಿಲ್ಲ. ಒಂದೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಆದ್ದರಿಂದ ಭಾಜಕಗಳು ಒಟ್ಟು 2⁷, ಅಂದರೆ 128.

ಈ ಐದು ಅವಿಭಾಜ್ಯಗಳು ರೇಖಾಗಣಿತದಲ್ಲೂ ಬೆಲೆಯುಳ್ಳವು. ಗುರುತಿಲ್ಲದ ಅಳತೆಪಟ್ಟಿ ಮತ್ತು ಕೈವಾರ ಇವೆರಡರಿಂದಲೇ ಯಾವ ಯಾವ ಸಮಬಹುಭುಜಗಳನ್ನು ರಚಿಸಬಹುದು? ಗ್ರೀಕರಿಗೆ ತ್ರಿಭುಜ, ಪಂಚಭುಜ, ಹದಿನೈದು ಭುಜದ ಆಕೃತಿ ಗೊತ್ತಿತ್ತು. ಎರಡು ಸಾವಿರ ವರ್ಷ ಅದು ಮುಂದುವರಿಯಲಿಲ್ಲ. 1796ರ ಮಾರ್ಚ್‌ನಲ್ಲಿ, ಹತ್ತೊಂಬತ್ತು ಇನ್ನೂ ತುಂಬದ ಗೌಸ್, ಹದಿನೇಳು ಭುಜದ ಆಕೃತಿಯನ್ನೂ ರಚಿಸಬಹುದು ಎಂದು ತೋರಿಸಿದ. ನಿಯಮ ಇಷ್ಟು: ಭುಜಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಬೇರೆ ಯಾವುದೂ ಸಾಧ್ಯವಿಲ್ಲ ಎಂಬುದನ್ನು 1837ರಲ್ಲಿ ವಾಂಟ್ಸೆಲ್ ಸಾಧಿಸಿದ. ಹಾಗಾದರೆ ರಚಿಸಬಹುದೆಂದು ಇಂದು ತಿಳಿದಿರುವ, ಅತಿ ಹೆಚ್ಚು ಬೆಸ ಭುಜಗಳ ಆಕೃತಿ ಯಾವುದು? ಐದನ್ನೂ ಗುಣಿಸಿದರೆ 4,29,49,67,295. ಚದುರಂಗದ ಅರ್ಧ ಹಾಸಿನ ಕಾಳುಗಳಷ್ಟೇ ಭುಜಗಳು! ಕಾಳಿನ ಲೆಕ್ಕವೊಂದು ಕೈವಾರದ ಮಿತಿಯನ್ನು ಹೇಳುತ್ತದೆ ಎಂದು ಯಾರು ಊಹಿಸುತ್ತಿದ್ದರು?

ಮತ್ತೆ ಪಿಂಗಳನ ಕಡೆಗೆ ತಿರುಗೋಣ. ಅವನ ಪರಂಪರೆಯ ಮೇರುಪ್ರಸ್ತಾರವನ್ನು ಹತ್ತನೆಯ ಶತಮಾನದ ಹಲಾಯುಧ ವಿವರಿಸಿದ್ದಾನೆ. ಶಾಲೆಯಲ್ಲಿ ಇದನ್ನೇ ಪ್ಯಾಸ್ಕಲನ ತ್ರಿಭುಜ ಎಂದು ಕಲಿಯುತ್ತೇವೆ. ತುದಿಯಲ್ಲಿ 1, ಕೆಳಗೆ 1 1, ಅದರ ಕೆಳಗೆ 1 2 1, ಆಮೇಲೆ 1 3 3 1. ಪ್ರತಿ ಸಂಖ್ಯೆಯೂ ಮೇಲಿನ ಎರಡರ ಮೊತ್ತ. ಇದರಲ್ಲಿ ಬೆಸ ಇದ್ದಲ್ಲಿ 1, ಸಮ ಇದ್ದಲ್ಲಿ 0 ಬರೆಯಿರಿ. ಸಾಲುಗಳು ಹೀಗಾಗುತ್ತವೆ: 1, 11, 101, 1111, 10001, 110011. ಇವನ್ನು ದ್ವಿಮಾನ ಪದ್ಧತಿಯಲ್ಲಿ, ಅಂದರೆ ಬಲದಿಂದ ಚಟಾಕು, ಅರೆಪಾವು, ಪಾವು ಎಂಬ ಕ್ರಮದಲ್ಲಿ, ಓದಿ: 1, 3, 5, 15, 17, 51. ಮೊದಲ 1 ಬಿಟ್ಟರೆ ಎಲ್ಲವೂ ಫರ್ಮಾನ ಸಂಖ್ಯೆಗಳು ಅಥವಾ ಅವುಗಳ ಗುಣಲಬ್ಧಗಳು! ಅರವತ್ತನಾಲ್ಕನೆಯ ಸಾಲಿಗೆ ಬಂದರೆ ಅಲ್ಲಿರುವ ಅರವತ್ತನಾಲ್ಕೂ ಸಂಖ್ಯೆಗಳು ಬೆಸ. ಅರವತ್ತನಾಲ್ಕು ಒಂದುಗಳು ಸಾಲಾಗಿ ನಿಂತರೆ ಅದು ನಮ್ಮ ಸಂಖ್ಯೆಯೇ. ಅದರ ಮೇಲಿನ ಪ್ರತಿಯೊಂದು ಸಾಲೂ ನಮ್ಮ ಸಂಖ್ಯೆಯ ಭಾಜಕ. 128 ಭಾಜಕಗಳಲ್ಲಿ ಸರಿಯಾಗಿ ಅರ್ಧದಷ್ಟು, 64, ಮೇರುವಿನಲ್ಲಿ ಸಿಗುತ್ತವೆ. ಸಿಗದೆ ಉಳಿದವು ಯಾವುವು? 641 ಮತ್ತು 67,00,417 ಇವುಗಳಲ್ಲಿ ಒಂದು ಇದ್ದು ಇನ್ನೊಂದು ಇಲ್ಲದವು. ಆಯ್ಲರ್ ಒಡೆದ ಜೋಡಿಯನ್ನು ಮೇರು ಒಡೆಯುವುದಿಲ್ಲ.

ಇದೇ ಸಂಖ್ಯೆ ಇನ್ನೊಂದು ಆಟದಲ್ಲೂ ಬರುತ್ತದೆ. ಫ್ರೆಂಚ್ ಗಣಿತಜ್ಞ ಎದುವಾರ್ ಲೂಕಾ 1883ರಲ್ಲಿ ಹನೋಯಿ ಗೋಪುರವನ್ನು, ಅಂದರೆ ಮೂರು ಕಂಬಗಳ ನಡುವೆ ಬಿಲ್ಲೆಗಳನ್ನು ಒಂದೊಂದಾಗಿ, ಚಿಕ್ಕದರ ಮೇಲೆ ದೊಡ್ಡದು ಬಾರದಂತೆ ಸಾಗಿಸುವ ಆಟವನ್ನು, ಮಾರುಕಟ್ಟೆಗೆ ತಂದ. ಆಟದ ಜೊತೆಗೆ ಕಾಶಿಯ ದೇವಾಲಯವೊಂದರಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವ ಪುರೋಹಿತರಿದ್ದಾರೆ, ಕೆಲಸ ಮುಗಿದ ದಿನ ಲೋಕ ಮುಗಿಯುತ್ತದೆ ಎಂಬ ಕತೆಯೂ ಹಬ್ಬಿತು. ಕಾಶಿಯಲ್ಲಿ ಅಂಥ ದೇವಾಲಯವಿಲ್ಲ, ಅದು ಯುರೋಪಿನಲ್ಲಿ ಹೆಣೆದ ಕತೆ. ಲೆಕ್ಕ ಮಾತ್ರ ನಿಜ. ದೊಡ್ಡ ಬಿಲ್ಲೆಯನ್ನು ಕದಲಿಸಲು ಅದರ ಮೇಲಿನದನ್ನೆಲ್ಲ ಒಮ್ಮೆ ಬದಿಗೆ ಸಾಗಿಸಬೇಕು, ಆಮೇಲೆ ಮತ್ತೊಮ್ಮೆ ಅದರ ಮೇಲೆ ತಂದಿಡಬೇಕು. ಹೀಗೆ ಒಂದು ಬಿಲ್ಲೆ ಹೆಚ್ಚಿದರೆ ನಡೆಗಳು ಇಮ್ಮಡಿಯಾಗಿ ಮೇಲೆ ಒಂದು: 1, 3, 7, 15, 31. ತಳದ ಬಿಲ್ಲೆ ಒಂದೇ ಸಲ ಕದಲುತ್ತದೆ, ಅದರ ಮೇಲಿನದು ಎರಡು ಸಲ, ಅದರ ಮೇಲಿನದು ನಾಲ್ಕು ಸಲ. ಚದುರಂಗದ ಮನೆಗಳನ್ನೇ ಒಂದರ ಮೇಲೊಂದು ಪೇರಿಸಿದ ಹಾಗೆ. ಸೆಕೆಂಡಿಗೊಂದು ನಡೆಯಂತೆ ನಿದ್ದೆಯಿಲ್ಲದೆ ಆಡಿದರೂ ಸುಮಾರು 58,450 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

ಆದರೆ ಈ ಸಂಖ್ಯೆ ನಮ್ಮಿಂದ ಅಷ್ಟೇನೂ ದೂರವಿಲ್ಲ. ನಿಮ್ಮ ಮೊಬೈಲಿನ ಒಳಗಿನ ಚಿಪ್ 64 ಬಿಟ್‌ನದ್ದಾಗಿರುವ ಸಂಭವವೇ ಹೆಚ್ಚು. ಅಂದರೆ ಒಂದು ಸಂಖ್ಯೆ ಹಿಡಿಯಲು ಅದರಲ್ಲಿ ಅರವತ್ತನಾಲ್ಕು ಮನೆಗಳಿವೆ, ಒಂದೊಂದರಲ್ಲೂ 0 ಅಥವಾ 1. ಆ ಮನೆಗಳು ಹಿಡಿಯಬಹುದಾದ ಅತಿ ದೊಡ್ಡ ಸಂಖ್ಯೆ ನಮ್ಮದೇ. ಹಿಂದಿನ 32 ಬಿಟ್ ಯಂತ್ರಗಳು ಅರ್ಧ ಹಾಸಿನವು. ಅವುಗಳಲ್ಲಿ ಒಂದು ಮನೆಯನ್ನು ಧನ-ಋಣ ಚಿಹ್ನೆಗೆ ಮೀಸಲಿಟ್ಟರೆ ಉಳಿಯುವ ಗರಿಷ್ಠ ಸಂಖ್ಯೆ 2,14,74,83,647. ಇದು ಅವಿಭಾಜ್ಯ ಎಂದು 1772ರಲ್ಲಿ ತಿಳಿಸಿದವನೂ ಆಯ್ಲರನೇ. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದ ಹಳೆಯ ವ್ಯವಸ್ಥೆಗಳಲ್ಲಿ ಈ ಎಣಿಕೆ 2038ರ ಜನವರಿ 19ರಂದು, ಭಾರತದ ಕಾಲಮಾನದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಅದಕ್ಕೇ ಅವುಗಳನ್ನು ಇಡೀ ಹಾಸಿಗೆ ಬದಲಾಯಿಸುವ ಕೆಲಸ ನಡೆಯುತ್ತಿದೆ.

ಅರವತ್ತನಾಲ್ಕು ಮನೆಗಳೂ ತುಂಬಿದಾಗ ಯಂತ್ರಕ್ಕೆ ಇನ್ನೊಂದು ಕಾಳು ಕೊಟ್ಟರೆ ಏನಾಗುತ್ತದೆ? ಹಾಸಿನ ಮೇಲೆ ನಾವು ಮಾಡಿದ್ದೇ ಅಲ್ಲೂ ನಡೆಯುತ್ತದೆ. ಮೊದಲ ಮನೆ ಖಾಲಿಯಾಗಿ ಎರಡನೆಯದಕ್ಕೆ, ಎರಡನೆಯದು ಖಾಲಿಯಾಗಿ ಮೂರನೆಯದಕ್ಕೆ, ಹೀಗೆ ರಾಶಿ ಮನೆಯಿಂದ ಮನೆಗೆ ಸರಿಯುತ್ತ ಕೊನೆಯ ಮನೆಯನ್ನು ದಾಟುತ್ತದೆ. ಅರವತ್ತೈದನೆಯ ಮನೆ ಯಂತ್ರದಲ್ಲಿ ಇಲ್ಲ. ಆ ರಾಶಿ ಹೊರಗೆ ಬಿದ್ದುಹೋಗಿ ಒಳಗೆ ಉಳಿಯುವುದು ಸೊನ್ನೆ. ಒಂದು ಕೂಡಿಸಿದರೆ ಸೊನ್ನೆಯಾಗುವ ಸಂಖ್ಯೆಗೆ ಗಣಿತದಲ್ಲಿ ಒಂದೇ ಹೆಸರು: −1. ಕಂಪ್ಯೂಟರ್‌ಗಳು −1 ಅನ್ನು ಬರೆಯುವುದೂ ಹೀಗೆಯೇ, ಅರವತ್ತನಾಲ್ಕು ಒಂದುಗಳಾಗಿ. ಮಹಾಶಂಖ ದಾಟಿದ ಈ ಸಂಖ್ಯೆಯನ್ನು ಆ ಯಂತ್ರದೊಳಗೆ ತನ್ನಿಂದಲೇ ಗುಣಿಸಿ ನೋಡಿ. ಹಿಡಿಸದದ್ದೆಲ್ಲ ಹೊರಗೆ ಸುರಿದುಹೋದ ಮೇಲೆ ಉಳಿಯುವುದು ಒಂದೇ ಒಂದು ಕಾಳು, ಮೊದಲ ಮನೆಯಲ್ಲಿ.